ಐಸ್‌ಕ್ರೀಮು ಮತ್ತು ಚಾಕಲೇಟಿನ ಹಳೆಯ ಅಚ್ಚುಗಳು: ಲಕ್ಷಣವಿಚಾರ

ಕನ್ನಡದಲ್ಲಿ ‘ಅಚ್ಚು’ ಎಂಬ ಶಬ್ದಕ್ಕೆ ಹಲವು ಅರ್ಥಗಳುಂಟು. ಬಂಡಿಯ ಗಾಲಿಗಳನ್ನು ಹೊರುವ ದಂಡವೂ ಅಚ್ಚು, ಪುಸ್ತಕವನ್ನು ಮುದ್ರಿಸುವ ಮೊಳೆಯೂ ಅಚ್ಚು, ಬೆಲ್ಲವನ್ನು ಎರೆಯುವ ಕುಳಿಯೂ ಅಚ್ಚು. ಸಂಕ್ರಾಂತಿಯಂದು ಎಳ್ಳುಬೆಲ್ಲದೊಡನೆ ಹಂಚುವ ಸಕ್ಕರೆಯ ಬೊಂಬೆಯನ್ನೂ ಅಚ್ಚೆಂದೇ ಕರೆಯುತ್ತೇವೆ. ಇಲ್ಲಿ ರೂಪವನ್ನು ಕೊಡುವ ಸಾಧನದ ಹೆಸರು, ರೂಪವನ್ನು ಪಡೆದ ವಸ್ತುವಿಗೂ ಸಂದಿದೆ. ದ್ರವವಾದುದನ್ನು ಒಂದು ಕುಳಿಗೆ ಎರೆದು, ಅದು ಗಟ್ಟಿಯಾದ ಬಳಿಕ ಕುಳಿಯ ಆಕಾರದಲ್ಲಿಯೇ ಹೊರತೆಗೆಯುವ ಈ ಕಲೆ ಲೋಕದ ಎಲ್ಲ ಕಡೆಗಳಲ್ಲಿಯೂ ಉಂಟು. ಎರೆಯುವ ಪದಾರ್ಥ ಬೇರೆಯಾದಂತೆ ಅಚ್ಚಿನ ಲೋಹ, ದಪ್ಪ, ಕೀಲು, ಬಾಯಿ ಇವೆಲ್ಲವೂ ಬೇರೆಯಾಗುತ್ತವೆ. ಈ ಒಂದು ಸೂತ್ರವನ್ನು ಹಿಡಿದು ಹೊರಟರೆ, ಯುರೋಪು ಮತ್ತು ಅಮೆರಿಕಗಳಲ್ಲಿ ಕಳೆದ ಎರಡು ಶತಮಾನಗಳಲ್ಲಿ ಬಳಕೆಯಲ್ಲಿದ್ದ ಐಸ್‌ಕ್ರೀಮು ಮತ್ತು ಚಾಕಲೇಟಿನ ಅಚ್ಚುಗಳನ್ನು ಗುರುತಿಸುವುದು ಕಷ್ಟವಲ್ಲ.

ಈ ವಿಚಾರ ನಮಗೇಕೆಂಬ ಪ್ರಶ್ನೆ ಏಳಬಹುದು. ಹಳೆಯ ವಸ್ತುಗಳನ್ನು ಸಂಗ್ರಹಿಸುವ ಅಭಿರುಚಿ ಇಂದು ಎಲ್ಲೆಡೆಯೂ ಬೆಳೆದಿದೆ. ಪರದೇಶಗಳಲ್ಲಿ ನೆಲೆಸಿದವರು ಊರಿಗೆ ಬರುವಾಗ ಇಂತಹ ವಸ್ತುಗಳನ್ನು ತರುವುದುಂಟು. ಶಾಲೆಗಳ ವಸ್ತುಸಂಗ್ರಹಕ್ಕೆ ಕೊಡುವುದೂ ಉಂಟು. ಹಳೆಯದೆಂದು ಹೊಸದನ್ನು ಮಾರುವ ವ್ಯಾಪಾರವೂ ಅದರೊಡನೆಯೇ ಬೆಳೆದಿದೆ. ಇದಕ್ಕಿಂತ ಮಿಗಿಲಾದ ಇನ್ನೊಂದು ಕಾರಣವಿದೆ. ಈ ಅಚ್ಚುಗಳಲ್ಲಿ ಒಂದು ಬಗೆಯದರಲ್ಲಿ ಸೀಸವಿರುವ ಸಂಭವವುಂಟು. ಅಲಂಕಾರದ ವಸ್ತುವೆಂದು ಬಗೆದು, ಮಕ್ಕಳಿಗೆ ಸಿಹಿ ಮಾಡಿಕೊಡಲು ಅದನ್ನು ಒಲೆಯ ಬಳಿಗೆ ಒಯ್ದರೆ ಕೆಡುಕು ತಪ್ಪದು. ಆದುದರಿಂದ ಇದು ವಿನೋದದ ವಿಷಯ ಮಾತ್ರವಲ್ಲ, ವಿವೇಕದ ವಿಷಯವೂ ಆಗಿದೆ.

೧. ಐಸ್‌ಕ್ರೀಮಿನ ಅಚ್ಚು

ಹಿಮದಂತೆ ಹೆಪ್ಪುಗಟ್ಟಿದ ಸಿಹಿಯನ್ನು ಬಗೆಬಗೆಯ ಆಕಾರಗಳಲ್ಲಿ ಎರೆಯುವ ಪದ್ಧತಿ ಫ್ರಾನ್ಸಿನಲ್ಲಿ 18ನೆಯ ಶತಮಾನದಲ್ಲಿಯೇ ಪ್ರೌಢವಾಗಿತ್ತು. 1751ರಲ್ಲಿ ಜೋಸೆಫ್ ಗಿಲಿಯೆ ಪ್ರಕಟಿಸಿದ ಮಿಠಾಯಿಶಾಸ್ತ್ರದ ಕೋಶವೂ, 1768ರಲ್ಲಿ ಎಮಿ ಎಂಬಾತನು ಐಸುಗಳ ವಿಷಯದಲ್ಲಿಯೇ ಬರೆದ ಗ್ರಂಥವೂ ಇದಕ್ಕೆ ಸಾಕ್ಷಿ. ಹಣ್ಣು, ಮೀನು, ಶತಾವರಿಯ ಜಾತಿಯ ಆಸ್ಪರಾಗಸ್ ತರಕಾರಿಯ ದಂಟು ಮುಂತಾದ ಆಕಾರಗಳಲ್ಲಿ ಐಸನ್ನು ಎರೆದು, ಕುಂಚದಿಂದ ಬಣ್ಣ ಹಚ್ಚಿ, ನಿಜವಾದ ಹಣ್ಣೆಂದೇ ಅತಿಥಿಗಳು ಭ್ರಮಿಸುವಂತೆ ಬಡಿಸುವುದು ಅಂದಿನ ಶ್ರೀಮಂತರ ಊಟದ ಸೊಗಸಾಗಿತ್ತು. ಇಂಗ್ಲೆಂಡಿನಲ್ಲಿ ಈ ಕಲೆಯನ್ನು ಮಧ್ಯಮವರ್ಗದ ಮನೆಗಳಿಗೆ ತಲುಪಿಸಿದವರಲ್ಲಿ ಆಗ್ನೆಸ್ ಮಾರ್ಷಲ್ (ಮರಣ 1905) ಎಂಬಾಕೆ ಪ್ರಮುಖಳು. ಆಕೆ ಐಸುಗಳನ್ನು ಕುರಿತು 1885 ಮತ್ತು 1894ರಲ್ಲಿ ಎರಡು ಗ್ರಂಥಗಳನ್ನು ಪ್ರಕಟಿಸಿದಳು. ಅಡುಗೆಯ ಶಾಲೆಯನ್ನು ನಡೆಸುತ್ತ ಅಚ್ಚುಗಳನ್ನೂ ಮಾರುತ್ತಿದ್ದಳು.

ಈ ಅಚ್ಚುಗಳ ಮುಖ್ಯ ಲೋಹ ಪ್ಯೂಟರ್. ಇದು ತವರವೇ ಪ್ರಧಾನವಾಗಿರುವ ಮಿಶ್ರಲೋಹ. ತವರಕ್ಕೆ ತಾಮ್ರ, ಆಂಟಿಮನಿ ಇವುಗಳನ್ನು ಅಲ್ಪಪ್ರಮಾಣದಲ್ಲಿ ಬೆರೆಸುತ್ತಿದ್ದರು. ಹಳೆಯ ಕಾಲದಲ್ಲಿ ಸೀಸವನ್ನೂ ಬೆರೆಸುತ್ತಿದ್ದರು. ತಾಮ್ರದ ಪಾತ್ರೆಗೆ ಕಲಾಯಿ ಹಾಕುವಾಗ ತವರ ಎಷ್ಟು ಸುಲಭವಾಗಿ ಕರಗುತ್ತದೆಂಬುದನ್ನು ಕಂಡವರಿಗೆ ಈ ಲೋಹದ ಸ್ವಭಾವ ಬೇಗ ತಿಳಿಯುತ್ತದೆ. ಅಲ್ಪ ಶಾಖದಲ್ಲಿ ಕರಗುವುದರಿಂದ ಸೂಕ್ಷ್ಮವಾದ ಕೆತ್ತನೆಯುಳ್ಳ ರೂಪಗಳನ್ನು ಅದರಲ್ಲಿ ಎರಕಹೊಯ್ಯಬಹುದು. ಅದು ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ.

ಬಳಸುವ ಕ್ರಮವನ್ನು ತಿಳಿದರೆ ಲಕ್ಷಣಗಳು ತಾವಾಗಿಯೇ ವಿಶದವಾಗುತ್ತವೆ. ಮೊದಲು ಅರೆಗಟ್ಟಿಯಾದ ಐಸ್‌ಕ್ರೀಮನ್ನು ಅಚ್ಚಿನ ಎರಡು ಹೋಳುಗಳಲ್ಲಿಯೂ ಒತ್ತಿ ತುಂಬಿ ಮುಚ್ಚುತ್ತಿದ್ದರು. ಕೂಡುವ ಅಂಚಿನ ಸುತ್ತ ಬೆಣ್ಣೆ ಅಥವಾ ಕೊಬ್ಬನ್ನು ಮೆತ್ತಿ, ಕಾಗದವನ್ನು ಸುತ್ತಿ, ಉಪ್ಪು ಬೆರೆಸಿದ ಮಂಜುಗಡ್ಡೆಯಲ್ಲಿ ಹುಗಿಯುತ್ತಿದ್ದರು. ಉಪ್ಪು ಬೆರೆತ ಮಂಜು ಕರಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಉಪ್ಪಿನ ಪ್ರಮಾಣ ಸರಿಯಾಗಿದ್ದರೆ ಶೈತ್ಯ ಸೊನ್ನೆಗಿಂತ 21 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗೆ ಇಳಿಯಬಲ್ಲದು. ಗಟ್ಟಿಯಾದ ಬಳಿಕ ಅಚ್ಚನ್ನು ಕ್ಷಣಕಾಲ ನೀರಿನಲ್ಲಿ ಅದ್ದಿ ತೆರೆದರೆ ಹೊರಮೈ ತುಸು ಕರಗಿ ರೂಪವು ಕಳಚಿಕೊಳ್ಳುತ್ತಿತ್ತು. ಉಪ್ಪುನೀರಿನ ಒಂದು ಹನಿ ಒಳಹೊಕ್ಕರೂ ಎಲ್ಲವೂ ಕೆಡುತ್ತಿದ್ದುದರಿಂದ ಅಚ್ಚಿಗೆ ನೀರು ಹೊಗದಂತಹ ಬಂಧ ಅತ್ಯವಶ್ಯವಾಗಿತ್ತು.

ಇದರಿಂದ ಐಸ್‌ಕ್ರೀಮಿನ ಅಚ್ಚಿನ ಲಕ್ಷಣಗಳು ಹೀಗೆ ನಿಷ್ಪನ್ನವಾಗುತ್ತವೆ. ಅದು ಎರಕದ್ದು, ದಪ್ಪಗೋಡೆಯದು, ಗಾತ್ರಕ್ಕೆ ಮೀರಿದ ಭಾರವುಳ್ಳದ್ದು. ಎರಡು ಅಥವಾ ಮೂರು ಹೋಳುಗಳು ಕೀಲಿನಿಂದ ಕೂಡಿರುತ್ತವೆ; ಕೀಲಿನ ಕಡ್ಡಿಯನ್ನು ಅನೇಕ ಅಚ್ಚುಗಳಲ್ಲಿ ಹೊರಗೆಳೆಯಬಹುದು. ಅಂಚುಗಳು ಅಗಲವಾಗಿ, ಸಮತಟ್ಟಾಗಿ ಒಂದಕ್ಕೊಂದು ಬಿಗಿಯಾಗಿ ಕೂಡುತ್ತವೆ. ಮುಚ್ಚಿದಾಗ ಅಚ್ಚು ಎಲ್ಲ ಕಡೆಯೂ ಮುಚ್ಚಿರುತ್ತದೆ. ಒಳಮೈಯಲ್ಲಿ ರೇಖೆಗಳು ಸ್ಫುಟವಾಗಿದ್ದು, ಹೊರಮೈ ಒಳಗಿನ ರೂಪವನ್ನು ಸ್ಥೂಲವಾಗಿ ಮಾತ್ರ ಅನುಸರಿಸುತ್ತದೆ. ಬಣ್ಣ ಮಂದವಾದ ಬೂದಿ. ಇವುಗಳಲ್ಲದೆ ಗುಮ್ಮಟದಂತಹ ದೊಡ್ಡ ಅಚ್ಚುಗಳೂ ಉಂಟು. ಅವುಗಳ ತುದಿಯಲ್ಲಿ ತಿರುಪಿನ ಬಿರಡೆಯಿದ್ದು, ಅದನ್ನು ತೆಗೆದಾಗ ಗಾಳಿ ಒಳಹೊಕ್ಕು ಐಸ್‌ಕ್ರೀಮು ಸುಲಭವಾಗಿ ಜಾರುತ್ತದೆ.

೨. ಚಾಕಲೇಟಿನ ಅಚ್ಚು

ಚಾಕಲೇಟು ಬಹುಕಾಲ ಕುಡಿಯುವ ಪಾನೀಯವಾಗಿತ್ತೇ ಹೊರತು ತಿನ್ನುವ ಗಟ್ಟಿ ಪದಾರ್ಥವಾಗಿರಲಿಲ್ಲ. 1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಕೋಕೋದಿಂದ ಬೆಣ್ಣೆಯನ್ನು ಹಿಂಡಿ ಬೇರ್ಪಡಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. 1847ರಲ್ಲಿ ಇಂಗ್ಲೆಂಡಿನ ಫ್ರೈ ಸಂಸ್ಥೆ ಆ ಬೆಣ್ಣೆಯನ್ನು ಬೆರೆಸಿ ಅಚ್ಚಿನಲ್ಲಿ ಎರೆದ ಗಟ್ಟಿ ಚಾಕಲೇಟನ್ನು ತಯಾರಿಸಿತು. 1879ರಲ್ಲಿ ಸ್ವಿಟ್ಜರ್ಲೆಂಡಿನ ಲಿಂಟ್ ದೀರ್ಘಕಾಲ ಅರೆದು ನಯಗೊಳಿಸುವ ಉಪಾಯವನ್ನು ಕಂಡುಹಿಡಿದನು. ಹೀಗೆ ಚಾಕಲೇಟು ಸರಾಗವಾಗಿ ಹರಿದು, ಸೂಕ್ಷ್ಮವಾದ ಗೆರೆಗಳಲ್ಲಿಯೂ ಇಳಿಯುವ ದ್ರವವಾದ ಮೇಲೆ ಅಚ್ಚುಗಳ ಉದ್ಯಮ ಕೊನರಿತು.

ಕೋಕೋ ಬೆಣ್ಣೆಗೆ ಒಂದು ಗುಣವಿದೆ: ಹದವರಿತು ತಣಿಸಿದರೆ ಅದು ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ. ಆದುದರಿಂದ ಚಾಕಲೇಟು ತಾನಾಗಿಯೇ ಅಚ್ಚಿನ ಗೋಡೆಯನ್ನು ಬಿಟ್ಟು ಬರುತ್ತದೆ, ಬಿಸಿನೀರಿನ ಹಂಗಿಲ್ಲ. ಗೋಡೆ ಎಷ್ಟು ನುಣುಪಾಗಿದ್ದರೆ ಚಾಕಲೇಟಿನ ಮೈ ಅಷ್ಟು ಹೊಳೆಯುತ್ತದೆ. ಗೋಡೆ ತೆಳುವಾಗಿದ್ದರೆ ಶಾಖ ಬೇಗ ಹೊರಹೋಗುತ್ತದೆ. ಈ ಕಾರಣಗಳಿಂದ ಚಾಕಲೇಟಿನ ಅಚ್ಚು ಎರಕದ್ದಲ್ಲ, ತಗಡಿನದು. ಉಕ್ಕಿನ ಪಡಿಯಚ್ಚಿನ ಮೇಲೆ ತಗಡನ್ನಿಟ್ಟು ಯಂತ್ರದಿಂದ ಒತ್ತಿ ರೂಪವನ್ನು ಮೂಡಿಸುತ್ತಿದ್ದರು. ಹಳೆಯವುಗಳಲ್ಲಿ ಕಲಾಯಿಯ ತಾಮ್ರವೂ ಉಂಟು. ಬಹುಪಾಲು ತವರ ಲೇಪಿಸಿದ ಕಬ್ಬಿಣದ ತಗಡು. ಮುಂದೆ ನಿಕ್ಕಲ್ ಲೇಪದವು ಮತ್ತು ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಲೋಹದವು ಬಂದವು. ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು 1953ರಲ್ಲಿ ಸಿದ್ಧವಾದ ಮೇಲೆ ಲೋಹದ ಅಚ್ಚುಗಳು ಕ್ರಮೇಣ ಹಿಂದೆ ಸರಿದವು.

ಮೊಲ, ಕೋಳಿ, ಸಾಂತಾಕ್ಲಾಸ್ ಮುಂತಾದ ಟೊಳ್ಳು ಬೊಂಬೆಗಳ ಅಚ್ಚಿಗೆ ಎರಡು ಹೋಳುಗಳಿದ್ದು, ಅವನ್ನು ಉಕ್ಕಿನ ಚಿಮ್ಮುಕ್ಲಿಪ್ಪುಗಳಿಂದ ಬಿಗಿಯುತ್ತಿದ್ದರು. ತಳದಲ್ಲಿ ಬಾಯಿ ತೆರೆದಿರುತ್ತದೆ. ಆ ಬಾಯಿಂದ ಚಾಕಲೇಟನ್ನು ಎರೆದು, ಅಲುಗಾಡಿಸಿ, ಗೋಡೆಗೆ ಅಂಟಿದಷ್ಟನ್ನು ಉಳಿಸಿ ಮಿಕ್ಕುದನ್ನು ಹೊರಚೆಲ್ಲುತ್ತಿದ್ದರು. ಹೋಳುಗಳು ಜಾರದಂತೆ ಒಂದರ ಅಂಚಿನಲ್ಲಿ ಗುಬ್ಬಿಯೂ ಇನ್ನೊಂದರಲ್ಲಿ ಅದಕ್ಕೆ ತಕ್ಕ ಕುಳಿಯೂ ಇರುತ್ತವೆ. ಸಣ್ಣ ಬೊಂಬೆಗಳನ್ನು ಸಾಲಾಗಿ ಒಂದೇ ಚೌಕಟ್ಟಿನಲ್ಲಿ ಜೋಡಿಸಿ, ಪುಸ್ತಕದಂತೆ ತೆರೆಯುವ ಅಚ್ಚುಗಳೂ ಉಂಟು. ಬಿಲ್ಲೆಯ ಚಾಕಲೇಟಿಗೆ ಒಂದೇ ಮುಖವುಳ್ಳ, ತಟ್ಟೆಯಂತಹ ಅಚ್ಚು ಸಾಕು.

೩. ಲಕ್ಷಣದ ದೋಷಗಳು

ತರ್ಕಶಾಸ್ತ್ರದಲ್ಲಿ ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು ಹೇಳುತ್ತಾರೆ. ಅಚ್ಚುಗಳ ಪರೀಕ್ಷೆಯಲ್ಲಿಯೂ ಈ ಎಚ್ಚರ ಅವಶ್ಯ. ‘ಕೀಲಿದ್ದರೆ ಐಸ್‌ಕ್ರೀಮಿನ ಅಚ್ಚು’ ಎಂದರೆ ಅತಿವ್ಯಾಪ್ತಿ. ಪುಸ್ತಕದಂತೆ ತೆರೆಯುವ ಚಾಕಲೇಟಿನ ಅಚ್ಚಿಗೂ ಕೀಲುಂಟು. ‘ಕೀಲಿಲ್ಲದುದು ಐಸ್‌ಕ್ರೀಮಿನದಲ್ಲ’ ಎಂದರೆ ಅವ್ಯಾಪ್ತಿ. ಗುಮ್ಮಟದ ಅಚ್ಚಿಗೆ ಕೀಲಿಲ್ಲ. ಆದುದರಿಂದ ಒಂದೇ ಗುರುತನ್ನು ನೆಚ್ಚದೆ ಲೋಹ, ಭಾರ, ಬಾಯಿ, ಬಂಧ ಈ ನಾಲ್ಕನ್ನೂ ಕೂಡಿಸಿ ನೋಡಬೇಕು. ಭಾರವಾದ ಎರಕದ ಬೂದಿಲೋಹ, ಸುತ್ತಲೂ ಮುಚ್ಚಿದ ಬಂಧ: ಇದು ಐಸ್‌ಕ್ರೀಮಿನದು. ಹಗುರವಾದ ಒತ್ತಿದ ತಗಡು, ತೆರೆದ ತಳ, ಕ್ಲಿಪ್ಪು: ಇದು ಚಾಕಲೇಟಿನದು.

ಸಂದೇಹವಿದ್ದಲ್ಲಿ ಸೂಜಿಗಲ್ಲು ಒಳ್ಳೆಯ ಸಹಾಯಕ. ತವರ ಲೇಪಿಸಿದ ಕಬ್ಬಿಣದ ತಗಡನ್ನು ಅದು ಸೆಳೆಯುತ್ತದೆ. ಪ್ಯೂಟರನ್ನೂ ತಾಮ್ರವನ್ನೂ ಸೆಳೆಯುವುದಿಲ್ಲ. ಇನ್ನೊಂದು ಪರೀಕ್ಷೆ ಕಾಗದದ್ದು. ಸೀಸ ಹೆಚ್ಚಾಗಿರುವ ಲೋಹದ ಅಂಚನ್ನು ಬಿಳಿಯ ಕಾಗದದ ಮೇಲೆ ಎಳೆದರೆ ಪೆನ್ಸಿಲಿನಂತೆ ಬೂದುಗೆರೆ ಮೂಡುತ್ತದೆ. ಗೆರೆ ಮೂಡದಿದ್ದ ಮಾತ್ರಕ್ಕೆ ಸೀಸವೇ ಇಲ್ಲವೆಂದು ನಿರ್ಣಯಿಸಲಾಗದು. ಗೆರೆ ಮೂಡಿದರೆ ಮಾತ್ರ ಸಂದೇಹ ಬಲವಾಗುತ್ತದೆ.

೪. ಕಾಲನಿರ್ಣಯ

ಶಾಸನದ ಕಾಲವನ್ನು ಲಿಪಿ, ಭಾಷೆ, ಉಲ್ಲೇಖಗಳಿಂದ ನಿರ್ಣಯಿಸುವಂತೆ ಅಚ್ಚಿನ ಕಾಲವನ್ನು ಮುದ್ರೆ, ರಚನೆ, ಆಕೃತಿಗಳಿಂದ ನಿರ್ಣಯಿಸಬೇಕು. ಮೊದಲನೆಯದು ತಯಾರಕನ ಮುದ್ರೆ. ಅಮೆರಿಕದ ಪ್ಯೂಟರ್ ಅಚ್ಚುಗಳಲ್ಲಿ ‘ಇ ಆ್ಯಂಡ್ ಕೋ, ಎನ್.ವೈ.’ ಎಂಬ ಅಕ್ಷರಗಳು ಕಂಡರೆ ಅದು ನ್ಯೂಯಾರ್ಕಿನ ಎಪ್ಪೆಲ್‌ಶೈಮರ್ ಸಂಸ್ಥೆಯದು. ‘ಎಸ್ ಆ್ಯಂಡ್ ಕೋ’ ಎಂದಿದ್ದರೆ ಷಾಲ್ ಸಂಸ್ಥೆಯದು. ಹೆಸರಿನೊಡನೆ ಇರುವ ಅಂಕೆ ತಯಾರಿಕೆಯ ವರ್ಷವಲ್ಲ, ಆ ಸಂಸ್ಥೆಯ ಪಟ್ಟಿಯಲ್ಲಿ ಆ ರೂಪಕ್ಕೆ ಕೊಟ್ಟ ಕ್ರಮಸಂಖ್ಯೆ. ಇದನ್ನು ವರ್ಷವೆಂದು ಭ್ರಮಿಸುವುದುಂಟು. ಚಾಕಲೇಟಿನ ಅಚ್ಚುಗಳಲ್ಲಿ 1832ರಲ್ಲಿ ಆರಂಭವಾದ ಪ್ಯಾರಿಸಿನ ಲೆತಾಂಗ್ ಸಂಸ್ಥೆಯೂ, 1870ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಆರಂಭವಾದ ಆಂಟನ್ ರೈಷೆ ಸಂಸ್ಥೆಯೂ ಸುಪ್ರಸಿದ್ಧ. ಬರ್ಲಿನ್ನಿನ ಹೆರ್ಮನ್ ವಾಲ್ಟರ್, ಹಾಲೆಂಡಿನ ಟಿಲ್‌ಬರ್ಗಿನ ಕಾರ್ಖಾನೆ ಮುಂತಾದವುಗಳ ಮುದ್ರೆಗಳೂ ದೊರೆಯುತ್ತವೆ.

ಎರಡನೆಯದು ದೇಶದ ಹೆಸರು. ಅಮೆರಿಕಕ್ಕೆ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು 1890ರ ಸುಂಕದ ಶಾಸನ ವಿಧಿಸಿತು. ಅದು 1891ರಲ್ಲಿ ಜಾರಿಗೆ ಬಂದಿತು. ಇಂಗ್ಲೆಂಡಿನಲ್ಲಿ 1887ರ ಶಾಸನವೂ ಇಂತಹುದೇ. ಆದುದರಿಂದ ‘ಜರ್ಮನಿ’ ಎಂಬ ಮುದ್ರೆಯುಳ್ಳ ಅಚ್ಚು ಸಾಮಾನ್ಯವಾಗಿ ಆ ಕಾಲಕ್ಕಿಂತ ಈಚಿನದು. ಪಶ್ಚಿಮ ಜರ್ಮನಿ ಎಂದಿದ್ದರೆ ಅದು 1949ಕ್ಕಿಂತ ಹಿಂದಿನದಾಗಲಾರದು. ಇಂಗ್ಲೆಂಡಿನ ವಸ್ತುಗಳಲ್ಲಿ 1842ರಿಂದ 1883ರವರೆಗೆ ವಿನ್ಯಾಸದ ನೋಂದಣಿಯನ್ನು ಸೂಚಿಸುವ ವಜ್ರಾಕೃತಿಯ ಮುದ್ರೆಯಿರುತ್ತಿತ್ತು. 1884ರಿಂದ ಅದರ ಸ್ಥಾನದಲ್ಲಿ ಕ್ರಮಸಂಖ್ಯೆ ಬಂದಿತು. ಇವು ವಿನ್ಯಾಸದ ಕಾಲವನ್ನು ತಿಳಿಸುತ್ತವೆಯೇ ಹೊರತು ಆ ಪ್ರತಿಯ ತಯಾರಿಕೆಯ ಕಾಲವನ್ನಲ್ಲ.

ಮೂರನೆಯದು ಆಕೃತಿ. ಜೆಪೆಲಿನ್ ಎಂಬ ಆಕಾಶನೌಕೆ ಮೊದಲು ಹಾರಿದುದು 1900ರಲ್ಲಿ. ಮಿಕಿ ಮೌಸ್ ಪ್ರೇಕ್ಷಕರ ಮುಂದೆ ಬಂದುದು 1928ರಲ್ಲಿ. ಇವುಗಳ ಆಕೃತಿಯ ಅಚ್ಚನ್ನು 19ನೆಯ ಶತಮಾನದ್ದೆಂದು ಯಾರಾದರೂ ಹೇಳಿದರೆ ನಂಬಲಾಗದು. ಆದರೆ ಮೊಲ, ಗುಲಾಬಿ, ಸೇಬು ಇವುಗಳಿಗೆ ಕಾಲವಿಲ್ಲ. ಅಲ್ಲಿ ಆಕೃತಿಯಿಂದ ಏನೂ ಸಿದ್ಧಿಸುವುದಿಲ್ಲ. ಆಕೃತಿಯು ಕಾಲದ ಮೇಲಿನ ಗಡಿಯನ್ನು ಕೊಡುತ್ತದೆ, ಕೆಳಗಿನ ಗಡಿಯನ್ನು ಕೊಡದು. ಏಕೆಂದರೆ ಒಮ್ಮೆ ಸಿದ್ಧವಾದ ಪಡಿಯಚ್ಚನ್ನು ದಶಕಗಳವರೆಗೆ ಬಳಸುತ್ತಿದ್ದರು. ಆಕೃತಿಗಳು ಹಬ್ಬಹರಿದಿನಗಳನ್ನೂ ಸೂಚಿಸುತ್ತವೆ. ಮೊಲ, ಮೊಟ್ಟೆಗಳು ಈಸ್ಟರ್ ಹಬ್ಬದವು. ಟರ್ಕಿ ಕೋಳಿ ಅಮೆರಿಕದ ಕೃತಜ್ಞತಾ ಹಬ್ಬದ್ದು. ಕೊಡಲಿ ಜಾರ್ಜ್ ವಾಷಿಂಗ್ಟನ್ನರ ಜನ್ಮದಿನದ್ದು.

೫. ಮೂಲ ಮತ್ತು ನಕಲು

ಓಲೆಗರಿಯ ಗ್ರಂಥವನ್ನು ಪ್ರತಿಮಾಡಿದಾಗ, ಆ ಪ್ರತಿಯಿಂದ ಮತ್ತೊಂದು ಪ್ರತಿ ಇಳಿದಾಗ, ಅಕ್ಷರಸ್ಖಾಲಿತ್ಯಗಳು ಬೆಳೆಯುತ್ತ ಹೋಗುತ್ತವೆಂಬುದು ಗ್ರಂಥಸಂಪಾದಕರಿಗೆ ಸುವಿದಿತ. ಅಚ್ಚಿನ ನಕಲಿನಲ್ಲಿಯೂ ಹಾಗೆಯೇ. ಮೂಲ ಅಚ್ಚಿನಿಂದ ಪಡಿಯೆತ್ತಿ ಮತ್ತೆ ಎರಕಹೊಯ್ದಾಗ ಗರಿ, ರೋಮ, ಎಲೆಯ ನರ ಮುಂತಾದ ಸೂಕ್ಷ್ಮರೇಖೆಗಳು ಮೊಂಡಾಗುತ್ತವೆ. ಮುದ್ರೆಯ ಅಕ್ಷರಗಳು ಮಸುಕಾಗುತ್ತವೆ. ತಣಿಯುವಾಗ ಲೋಹ ಕುಗ್ಗುವುದರಿಂದ ನಕಲು ಮೂಲಕ್ಕಿಂತ ಎಳ್ಳಷ್ಟು ಚಿಕ್ಕದಾಗುತ್ತದೆ. ಹೋಳುಗಳ ನಡುವೆ ಬೆಳಕು ಕಂಡರೆ, ಕೀಲು ಸಡಿಲವಾಗಿ ಹೊಂದದಿದ್ದರೆ, ಅದು ಉಪ್ಪುನೀರನ್ನು ತಡೆಯುವ ಅಚ್ಚಾಗಿರಲಿಲ್ಲವೆಂದು ತಿಳಿಯಬೇಕು. ಕೆಲಸ ಮಾಡಲಾರದ ಸಾಧನ ಕೆಲಸಕ್ಕಾಗಿ ಹುಟ್ಟಿದುದಲ್ಲ, ಮಾರಾಟಕ್ಕಾಗಿ ಹುಟ್ಟಿದುದು.

ಸವಕಳಿಯೂ ಸಾಕ್ಷಿ ನುಡಿಯುತ್ತದೆ. ನಿಜವಾಗಿ ಬಳಸಿದ ಅಚ್ಚು ಕೈ ತಗುಲುವಲ್ಲಿ, ಕೀಲಿನಲ್ಲಿ, ಕ್ಲಿಪ್ಪು ಉಜ್ಜುವ ಅಂಚಿನಲ್ಲಿ ಸವೆದಿರುತ್ತದೆ. ತಗಡಿನ ಅಚ್ಚಿನಲ್ಲಿ ತವರ ಸವೆದ ಮೂಲೆ ಮತ್ತು ಮಡಿಕೆಗಳಲ್ಲಿ ಮೊದಲು ತುಕ್ಕು ಕಾಣುತ್ತದೆ. ಎಲ್ಲ ಕಡೆಯೂ ಒಂದೇ ಸಮನಾಗಿ ಕಪ್ಪಾಗಿರುವುದು, ಒಂದೇ ಸಮನಾಗಿ ತುಕ್ಕು ಹಿಡಿದಿರುವುದು ಕೃತಕತೆಯ ಸೂಚನೆ. ಎರಡು ಹೋಳುಗಳಲ್ಲಿಯೂ ಕ್ರಮಸಂಖ್ಯೆಯಿದ್ದರೆ ಅದು ಒಂದೇ ಆಗಿರಬೇಕು. ಇಲ್ಲವಾದರೆ ಬೇರೆ ಬೇರೆ ಅಚ್ಚುಗಳ ಹೋಳುಗಳನ್ನು ಜೋಡಿಸಿರುವ ಸಂಭವವುಂಟು.

೬. ರಕ್ಷಣೆ ಮತ್ತು ಎಚ್ಚರಿಕೆ

ಪ್ಯೂಟರಿನ ಹಳೆಯ ಅಚ್ಚನ್ನು ಆಹಾರಕ್ಕೆ ಬಳಸಲೇಬಾರದು. ಸೀಸವು ದೇಹದಲ್ಲಿ ಸಂಚಯವಾಗಿ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿಯನ್ನುಂಟುಮಾಡುತ್ತದೆ. ಇಷ್ಟು ಪ್ರಮಾಣದವರೆಗೆ ಅಪಾಯವಿಲ್ಲವೆಂದು ಹೇಳಬಹುದಾದ ಮಿತಿಯೇ ಸೀಸಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ನಿಂಬೆ ಮೊದಲಾದ ಹುಳಿಯುಳ್ಳ ಪದಾರ್ಥಗಳಲ್ಲಿ ಅದು ಮತ್ತಷ್ಟು ಕರಗುತ್ತದೆ. ಒಳಗೆ ತುಕ್ಕು ಹಿಡಿದ, ಲೇಪ ಕಿತ್ತ, ಬೆಸುಗೆ ಹಾಕಿದ ತಗಡಿನ ಅಚ್ಚೂ ಪ್ರದರ್ಶನಕ್ಕೆ ಮಾತ್ರ ಯೋಗ್ಯ. ಪ್ಯೂಟರನ್ನು ಒಲೆಯ ಮೇಲೆ ಇಟ್ಟರೆ ಅದು ಕರಗಿಹೋಗುವ ಭಯವೂ ಇದೆ.

ನಮ್ಮ ಮನೆಗಳಲ್ಲಿ ಹಿತ್ತಾಳೆ ತಾಮ್ರಗಳನ್ನು ಹುಣಸೆಹಣ್ಣಿನಿಂದ ಬೆಳಗುವುದು ವಾಡಿಕೆ. ಈ ಅಚ್ಚುಗಳಿಗೆ ಅದು ಸಲ್ಲದು. ಹುಳಿಯೂ ಬೂದಿಯ ಒರೆತವೂ ಸೇರಿ ತೆಳುವಾದ ತವರದ ಲೇಪವನ್ನು ಅಳಿಸುತ್ತವೆ. ಬಳಿಕ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಪ್ಯೂಟರಿನ ಮಂದವರ್ಣವೇ ಅದರ ವಯಸ್ಸಿನ ಸಾಕ್ಷಿ. ಅದನ್ನು ಉಜ್ಜಿ ತೆಗೆದರೆ ಸಾಕ್ಷಿಯನ್ನು ಅಳಿಸಿದಂತೆ. ಮೆದುವಾದ ಒಣಬಟ್ಟೆಯಿಂದ ಧೂಳನ್ನು ಒರೆಸಿ, ತೇವವಿಲ್ಲದ ಸ್ಥಳದಲ್ಲಿ, ಮೇಲೆ ಭಾರ ಹೇರದೆ ಇಡುವುದೇ ಸರಿಯಾದ ರಕ್ಷಣೆ. ಸಂಗ್ರಹಕ್ಕೆ ಸೇರಿದ ಪ್ರತಿಯೊಂದು ಅಚ್ಚಿಗೂ ಲೋಹ, ಅಳತೆ, ಮುದ್ರೆ, ಕ್ರಮಸಂಖ್ಯೆ, ಎಲ್ಲಿಂದ ಬಂದಿತು, ಯಾರು ಕೊಟ್ಟರು ಎಂಬ ವಿವರಗಳ ಚೀಟಿ ಇರಬೇಕು. ‘ಆಹಾರಕ್ಕೆ ಬಳಸತಕ್ಕದ್ದಲ್ಲ’ ಎಂಬ ಒಕ್ಕಣೆಯನ್ನೂ ಅದರಲ್ಲಿ ಸೇರಿಸುವುದು ಲೇಸು.

೭. ಉಪಸಂಹಾರ

ಪರದೇಶದ ಅಚ್ಚುಗಳನ್ನು ಪರೀಕ್ಷಿಸುವ ಈ ಕಣ್ಣು ಒಮ್ಮೆ ಮೂಡಿದ ಮೇಲೆ ಅದನ್ನು ನಮ್ಮ ಮನೆಯ ಅಟ್ಟದ ಕಡೆಗೂ ತಿರುಗಿಸಬೇಕು. ಸಂಕ್ರಾಂತಿಯ ಸಕ್ಕರೆ ಅಚ್ಚಿಗೂ, ಉತ್ತರ ಕರ್ನಾಟಕದಲ್ಲಿ ಗೌರಿಹುಣ್ಣಿಮೆಯ ಸಕ್ಕರೆ ಆರತಿಗೂ ಬಳಸುವ ಮರದ ಅಚ್ಚುಗಳು ಇದೇ ಕುಲಕ್ಕೆ ಸೇರಿದವು. ಮರದ ಹೋಳುಗಳನ್ನು ನೀರಿನಲ್ಲಿ ನೆನೆಯಿಟ್ಟು, ಜೋಡಿಸಿ ದಾರದಿಂದ ಬಿಗಿದು, ಹದಕ್ಕೆ ಬಂದ ಪಾಕವನ್ನು ಎರೆದು ಬಿಚ್ಚಿದರೆ ಆನೆ, ಗಿಣಿ, ಬೃಂದಾವನ, ಗೋಪುರಗಳು ಬೆಳ್ಳಗೆ ಹೊರಬರುತ್ತವೆ. ಐಸ್‌ಕ್ರೀಮಿಗೆ ನೀರಿನಲ್ಲಿ ಅದ್ದುವುದು, ಚಾಕಲೇಟಿಗೆ ತಣಿದು ಕುಗ್ಗುವ ಗುಣ, ಸಕ್ಕರೆಗೆ ನೆನೆದ ಮರ; ಅಂಟದೆ ಕಳಚುವಂತೆ ಮಾಡುವ ಉಪಾಯ ಮೂರು, ಪ್ರಯೋಜನ ಒಂದೇ.

ಡ್ರೆಸ್ಡೆನ್ನಿನ ಅಚ್ಚಿನ ಮೇಲೆ ತಯಾರಕನ ಹೆಸರೂ ಅಂಕೆಯೂ ಇರುವುದರಿಂದ ನೂರು ವರ್ಷಗಳ ಬಳಿಕವೂ ಅದರ ಚರಿತ್ರೆಯನ್ನು ಬರೆಯಬಹುದಾಗಿದೆ. ನಮ್ಮ ಮರದ ಅಚ್ಚುಗಳ ಮೇಲೆ ಸಾಮಾನ್ಯವಾಗಿ ಬಡಗಿಯ ಹೆಸರೂ ಇಲ್ಲ, ಊರೂ ಇಲ್ಲ, ವರ್ಷವೂ ಇಲ್ಲ. ಅವೆಲ್ಲವೂ ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿವೆ. ಅಜ್ಜಿಗೆ ತವರಿನಿಂದ ಬಂದ ಅಚ್ಚು ಯಾವ ಊರಿನಲ್ಲಿ ಕೆತ್ತಿದುದೆಂದು ಹೇಳಬಲ್ಲವರು ಇರುವಾಗಲೇ ಕೇಳಿ ಬರೆದಿಡುವುದು ಮಕ್ಕಳ ಕರ್ತವ್ಯ. ಬರೆಯಿಸುವುದು ಉಪಾಧ್ಯಾಯರ ಕರ್ತವ್ಯ. ಮರ ಸೀಳಿದರೆ ಅಚ್ಚು ಒಂದು ಹೋಗುತ್ತದೆ. ನೆನಪು ಅಳಿದರೆ ಉಳಿದ ಅಚ್ಚುಗಳೂ ಮೂಕವಾಗುತ್ತವೆ.